ರನ್‌ವೇ ತನಕ ಬಂದ ವಿಮಾನ ಮತ್ತೆ ಮೇಲೆ ಹೋಯಿತು, ಅಮ್ಮನಿಗೆ ಏನು ಹೇಳಲಿ?

ದುರ್ಗದ_ಮಗಳು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ವಿಮಾನದ ಬಗ್ಗೆ ಗೊತ್ತಿರುವವರು ಇದ್ದರೆ ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಮುಂಬೈಯಿಂದ ಬೆಂಗಳೂರಿಗೆ ಬಂದೆ. ಅಣ್ಣನ ಮನೆಗೆ ಹೋಗಿದ್ದೆವು. ಹೋಗುವಾಗ ರೈಲು, ಬರುವಾಗ ವಿಮಾನ. ಅಮ್ಮನಿಗೆ 67 ವರ್ಷ, ವಿಮಾನ ಹತ್ತಿದ್ದು ಅದೇ ಮೊದಲು. ರೆಕ್ಕೆಯಿಂದ ಸ್ವಲ್ಪ ಹಿಂದೆ ಎಡಗಡೆ ಕಿಟಕಿ ಅಮ್ಮನಿಗೆ, ಪಕ್ಕದಲ್ಲಿ ನಾನು.

ಹೊರಟು ಒಂದು ಗಂಟೆ ಆಗಿರಬಹುದು. ಎಂಜಿನ್ ಸದ್ದು ಒಮ್ಮೆಲೇ ಇಳಿಯಿತು. "ಆಫ್ ಆಯ್ತೇನೇ?" ಅಂತ ಅಮ್ಮ ನನ್ನ ಕೈ ಹಿಡಿದಳು. ಆಮೇಲೆ ಮೋಡದೊಳಗೆ ಕುಲುಕಾಟ. ಅದು ಕಳೆದ ಮೇಲೆ ನಮ್ಮ ಕಡೆ ನಂದಿ ಬೆಟ್ಟ ಕಂಡಿತು. ಇನ್ನೇನು ಇಳಿದೆವು ಅಂದುಕೊಂಡೆ. ಅಷ್ಟರಲ್ಲಿ ರೆಕ್ಕೆ ಮೇಲಿನ ಹಲಗೆಗಳು ಎದ್ದು ನಿಂತು ಇಡೀ ವಿಮಾನ ಗಡಗಡ ಅಂದಿತು. ಬಲಕ್ಕೆ ವಾಲಿತು. ನಮ್ಮ ಕಡೆಯ ರೆಕ್ಕೆ ಮೇಲೆದ್ದು ಕಿಟಕಿ ತುಂಬ ಬರೀ ಮೋಡ. ಚಕ್ರ ಬಿಚ್ಚಿದ ಧಡ್ ಅನ್ನುವ ಸದ್ದು ಬಂದಾಗ ನೆಲ ಇನ್ನೂ ಬಹಳ ಕೆಳಗಿತ್ತು. ಕೊನೆಗೆ ರಸ್ತೆ, ದ್ರಾಕ್ಷಿ ತೋಟ, ಕೆಂಪು ಬಸ್ಸು ಎಲ್ಲ ಕಾಣುವಷ್ಟು ಕೆಳಗೆ ಬಂದೆವು.

ಆಗ ಎಂಜಿನ್ ಒಮ್ಮೆಲೇ ಜೋರಾಯಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ವಿಮಾನ ಮೂತಿ ಎತ್ತಿ ವಾಪಸ್ ಮೋಡದೊಳಗೆ ಹೋಯಿತು.

ಹತ್ತು ನಿಮಿಷ ಯಾರೂ ಒಂದು ಮಾತು ಆಡಲಿಲ್ಲ. ಹಿಂದೆ ಯಾವುದೋ ಮಗು ಅಳುತ್ತಿತ್ತು. ಅಮ್ಮ ಕಣ್ಣು ಮುಚ್ಚಿ ನಾಯಕನಹಟ್ಟಿ ತಿಪ್ಪೇಸ್ವಾಮಿಯನ್ನು ನೆನೆಯುತ್ತಿದ್ದಳು. ಆಮೇಲೆ ಮೈಕಿನಲ್ಲಿ "ಆಪರೇಷನಲ್ ಕಾರಣದಿಂದ" ಅಂತ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಎರಡನೇ ಸಲ ಬಂದು ಮೆತ್ತಗೆ ಇಳಿದೆವು.

ಈಗ ಅಣ್ಣನ ಮಗುವಿಗೆ ನಾಮಕರಣ. ಮತ್ತೆ ಹೋಗಬೇಕು. ಅಮ್ಮನ ಮಂಡಿ ನೋವಿಗೆ ರಾತ್ರಿಯಿಡೀ ರೈಲು ಆಗುವುದಿಲ್ಲ. ವಿಮಾನ ಅಂದರೆ ಎದ್ದು ಒಳಗೆ ಹೋಗುತ್ತಾಳೆ. "ಆ ಡ್ರೈವರ್ರಿಗೆ ಇಳಿಸೋಕೆ ಬರಲಿಲ್ಲ" ಅನ್ನುವುದೇ ಅವಳ ಮಾತು. ನಿಜವಾಗಿ ಪೈಲಟ್ ತಪ್ಪು ಮಾಡಿದರಾ? ಅಷ್ಟು ಕೆಳಗೆ ಬಂದು ಯಾಕೆ ಬಿಟ್ಟರು? ಅಮ್ಮನಿಗೆ ಸುಳ್ಳು ಸಮಾಧಾನ ಹೇಳಲು ನನಗೆ ಇಷ್ಟ ಇಲ್ಲ. ಗೊತ್ತಿದ್ದವರು ನಿಜ ಹೇಳಿ.

ಹೈವೇ_ಪಕ್ಕದ_ಮನೆ (ಹರಿಹರ)

ಹೊಸ ಪೈಲಟ್ ಇರಬೇಕು ಮೇಡಂ. ಮೊದಲ ಸಲಕ್ಕೆ ಇಳಿಸಲಾಗದೆ ಮೇಲೆ ಹೋದರೆ ಅವರಿಗೆ ಕಂಪನಿಯಿಂದ ನೋಟಿಸ್ ಬರುತ್ತದೆ ಅಂತ ಕೇಳಿದ್ದೇನೆ. ಅದಕ್ಕೇ ಏನೂ ಹೇಳದೆ ಸುಮ್ಮನಿದ್ದರು ಅನಿಸುತ್ತದೆ. ಅನುಭವ ಇರುವವರು ಹೇಗಾದರೂ ಇಳಿಸಿಬಿಡುತ್ತಾರೆ.

ಮಂಡಕ್ಕಿಭಟ್ಟಿ_ಹುಡುಗ (ದಾವಣಗೆರೆ)

ಅಕ್ಕಾ, ನಾನು ದಾವಣಗೆರೆಯವನು. ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ನಾನು 7 ವರ್ಷದಿಂದ ಏರ್‌ಬಸ್ ಎ320ಯಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಎರಡನೇ ಪೈಲಟ್. ನಿಮ್ಮ ವಿಮಾನದ ಕಾಕ್‌ಪಿಟ್‌ನಲ್ಲಿ ನಾನಿರಲಿಲ್ಲ. ಆದರೆ ನೀವು ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಅಂದರೆ, ಓದುತ್ತಾ ಅರ್ಧ ಕಥೆ ನನಗೆ ಗೊತ್ತಾಯಿತು.

ಮೊದಲು ಹರಿಹರದ ಅಣ್ಣನ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. "ಹೇಗಾದರೂ ಇಳಿಸಿಬಿಡುವುದು" ಅನ್ನುವ ಮಾತಿಗೇ ನಾವು ಹೆದರುತ್ತೇವೆ. ಇಳಿಯುವುದನ್ನು ಬಿಟ್ಟು ಮೇಲೆ ಹೋಗುವುದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಅದಕ್ಕೆ ಶಿಕ್ಷೆ ಇಲ್ಲ. ಶಿಕ್ಷೆಯ ಭಯ ಇದ್ದರೆ ಪೈಲಟ್ ಮೇಲೆ ಹೋಗಬೇಕಾದಾಗಲೂ ಇಳಿಸಲು ನೋಡುತ್ತಾನೆ. ಅದಕ್ಕೇ ಆ ಭಯ ಇರಬಾರದು ಅಂತ ನಿಯಮ ಮಾಡಿದ್ದಾರೆ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ನಮ್ಮ ಕೈಯಲ್ಲಿ ಗೋ ಅರೌಂಡ್ ಮಾಡಿಸಿಯೇ ಬಿಡುವುದು.

ಈಗ ನಿಮ್ಮ ವಿಮಾನಕ್ಕೆ ಬರೋಣ. ಎಂಜಿನ್ ಆಫ್ ಆಗಲಿಲ್ಲ. ಇಳಿಯಲು ಶುರು ಮಾಡಿದಾಗ ಅದನ್ನು ಐಡಲ್‌ಗೆ ತರುತ್ತೇವೆ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲಗೆ ಓಡುತ್ತಿರುತ್ತದಲ್ಲ, ಹಾಗೆ. ಅಲ್ಲಿಂದ ಬಹುಪಾಲು ದಾರಿ ವಿಮಾನ ಜಾರಿಕೊಂಡೇ ಬರುತ್ತದೆ. ಎಲ್ಲಿ ಶುರು ಮಾಡಬೇಕು ಅನ್ನುವುದಕ್ಕೆ ಒಂದು ಬಾಯಿಲೆಕ್ಕ ಇದೆ. 1,000 ಅಡಿ ಇಳಿಯಲು 3 ನಾಟಿಕಲ್ ಮೈಲಿ ಬೇಕು. ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್. ನೀವು 35,000 ಅಡಿಯಲ್ಲಿ ಇದ್ದಿರಿ ಅಂದುಕೊಳ್ಳಿ. ಬೆಂಗಳೂರಿನ ನಿಲ್ದಾಣವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಉಳಿದ 32,000 ಅಡಿಗೆ 96 ಮೈಲಿ. ವೇಗ ಇಳಿಸಲು ಇನ್ನೊಂದು 10. ಅಲ್ಲಿಗೆ 195 ಕಿಲೋಮೀಟರ್ ಹತ್ತಿರ ಆಯಿತು. ನಕ್ಷೆಯಲ್ಲಿ ಮುಂಬೈಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದು, ಬೆಂಗಳೂರಿನಿಂದ ಅಷ್ಟು ದೂರ ಹಿಂದಕ್ಕೆ ಅಳೆದು ನೋಡಿ. ಚಳ್ಳಕೆರೆಯಿಂದ ಸ್ವಲ್ಪ ಉತ್ತರಕ್ಕೆ ಬೆರಳು ನಿಲ್ಲುತ್ತದೆ. ರನ್‌ವೇ ಎದುರಿಗೇ ಸಿಗುವ ದಿನ ಎಂಜಿನ್ ಸದ್ದು ಇಳಿಯುವುದು ನಿಮ್ಮ ಜಿಲ್ಲೆಯ ಮೇಲೆಯೇ. ಸುತ್ತಿ ಬರಬೇಕಾದ ದಿನ ಇನ್ನೂ ಸ್ವಲ್ಪ ಮುಂದೆ.

ನಿಮ್ಮದು ಸುತ್ತಿ ಬರುವ ದಿನ. ಹೇಗೆ ಗೊತ್ತಾಯಿತು ಅಂದರೆ, ಜುಲೈ ಅಂದರೆ ಮುಂಗಾರು, ಗಾಳಿ ಪಶ್ಚಿಮದಿಂದ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಹಾಗಾಗಿ ಪೂರ್ವದಿಂದ ಪಶ್ಚಿಮಕ್ಕೆ ಇಳಿಯಬೇಕು, ನಾವು ರನ್‌ವೇ 27 ಅನ್ನುತ್ತೇವೆ. ನಂದಿ ಬೆಟ್ಟ ನಿಲ್ದಾಣದ ಉತ್ತರಕ್ಕಿದೆ. ಅದು ನಿಮ್ಮ ಎಡಗಡೆ ಕಂಡಿತು ಅಂದರೆ ಆಗ ನೀವು ಪೂರ್ವಕ್ಕೆ ಹೋಗುತ್ತಿದ್ದಿರಿ. ನಿಲ್ದಾಣವನ್ನು ಬಲಕ್ಕೆ ಬಿಟ್ಟು ದಾಟಿ ಹೋಗಿ, ಬಲಕ್ಕೆ ಎರಡು ಸಲ ತಿರುಗಿ ವಾಪಸ್ ಬರಬೇಕು. ಎಲ್ಲಿ ತಿರುಗಬೇಕು ಅನ್ನುವುದನ್ನು ಹೇಳುವುದು ಎಟಿಸಿಯವರು, ಅಂದರೆ ನೆಲದ ಮೇಲೆ ಕೂತು ವಿಮಾನಗಳಿಗೆ ದಾರಿ ಹೇಳುವವರು.

ಕಷ್ಟ ಇರುವುದು ಇಲ್ಲೇ. ರನ್‌ವೇಯಿಂದ 15 ಮೈಲಿ ದೂರ ಹೋಗಿ ತಿರುಗುತ್ತೇವೆ ಅಂತ ಲೆಕ್ಕ ಹಾಕಿ ಇಳಿಯುತ್ತಿರುತ್ತೇವೆ. ಎಟಿಸಿಯವರು 8 ಮೈಲಿಗೇ ತಿರುಗಿ ಅಂದರು ಅಂತ ಇಟ್ಟುಕೊಳ್ಳಿ. ಹೋಗುವುದರಲ್ಲಿ 7, ಬರುವುದರಲ್ಲಿ 7, ಒಟ್ಟು 14 ಮೈಲಿ ಉಳಿಯಿತು. ಪ್ರಯಾಣಿಕರಿಗೆ ಅದು ಲಾಭ. ನಮಗೆ ಮಾತ್ರ 4,000 ಅಡಿಗಿಂತ ಜಾಸ್ತಿ ಎತ್ತರ ಕೈಯಲ್ಲಿ ಮಿಕ್ಕಿತು. ಅದನ್ನು ಕೆಲವೇ ನಿಮಿಷದಲ್ಲಿ ಕಳೆಯಬೇಕು.

ಮೂತಿ ಬಗ್ಗಿಸಿ ಬೇಗ ಇಳಿದರಾಯಿತು ಅನಿಸುತ್ತದೆ, ಅಲ್ವಾ? ಜೋಗಿಮಟ್ಟಿ ರಸ್ತೆಯಲ್ಲಿ ಸೈಕಲ್ ತುಳಿಯದೆ ಇಳಿದು ಬಂದಿದ್ದೀರಾ? ಇಳಿಜಾರು ಹೆಚ್ಚಾದಷ್ಟೂ ಸೈಕಲ್ ಓಡುತ್ತದೆ. ವಿಮಾನವೂ ಹಾಗೇ, ಸುಮಾರು 60 ಟನ್ ತೂಕದ ಸೈಕಲ್. ಬೇಗ ಇಳಿದರೆ ವೇಗ ಏರುತ್ತದೆ. ವೇಗ ಇಳಿಸಲು ಹೋದರೆ ಎತ್ತರ ಹಾಗೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಕಳೆಯುವುದೇ ಈ ಕೆಲಸದ ಕಷ್ಟ. ರೆಕ್ಕೆ ನುಣುಪಾಗಿರುವಾಗ, ಚಕ್ರ ಒಳಗಿರುವಾಗ, 3 ಡಿಗ್ರಿ ಇಳಿಜಾರಿನಲ್ಲಿ ಎಂಜಿನ್ ಐಡಲ್ ಇದ್ದರೂ ವೇಗ ಇಳಿಯುವುದೇ ಇಲ್ಲ ಅನ್ನಬಹುದು.

ನೀವು ನೋಡಿದ ಆ ಹಲಗೆಗಳು ಸ್ಪೀಡ್ ಬ್ರೇಕ್. ಗಾಳಿಗೆ ಅಡ್ಡ ನಿಂತಾಗ ಗಡಗಡ ಅನ್ನುವುದು ಸಹಜ, ಏನೂ ಮುರಿಯುವುದಿಲ್ಲ. ಅದೂ ಸಾಲದಿದ್ದರೆ ಚಕ್ರ ಬೇಗ ಬಿಡುತ್ತೇವೆ. ಇಳಿಯಲು ಇನ್ನೂ ಹೊತ್ತಿದೆ, ಆದರೆ ಚಕ್ರ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ರೆಕ್ಕೆಯ ಹಿಂದೆ ಇಳಿಯುವ ಫ್ಲ್ಯಾಪ್‌ಗೆ ಮಿತಿ ಇದೆ. ಎ320ಯಲ್ಲಿ 230 ನಾಟ್‌ಗಿಂತ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗ ಕಡಿಮೆ ಆಗದೆ ಮೊದಲನೇ ಫ್ಲ್ಯಾಪ್ ತೆಗೆಯುವ ಹಾಗಿಲ್ಲ. ಚಕ್ರವನ್ನು 250 ನಾಟ್‌ನಲ್ಲೇ ಬಿಡಬಹುದು. ನೆಲ ಬಹಳ ಕೆಳಗಿರುವಾಗಲೇ ಧಡ್ ಅಂದಿತು ಅಂದಿರಲ್ಲ, ಅದರಿಂದಲೇ ನನಗೆ ಅನಿಸಿದ್ದು. ಆ ಇಬ್ಬರಿಗೂ ತಾವು ಮೇಲಿದ್ದೇವೆ ಅಂತ ಮೊದಲೇ ಗೊತ್ತಿತ್ತು. ಸರಿ ಮಾಡಲು ಕೈಯಲ್ಲಿದ್ದ ಎಲ್ಲವನ್ನೂ ಮಾಡುತ್ತಿದ್ದರು.

ಆಮೇಲೆ ಒಂದು ಗೆರೆ ಬರುತ್ತದೆ. ರನ್‌ವೇಯಿಂದ 1,000 ಅಡಿ ಮೇಲೆ. ಬೆಂಗಳೂರಿನಲ್ಲಿ ಎತ್ತರದ ಮೀಟರ್ 4,000 ಅಡಿ ತೋರಿಸುವಾಗ. ಅಷ್ಟರೊಳಗೆ ಚಕ್ರ ಕೆಳಗಿರಬೇಕು. ಫ್ಲ್ಯಾಪ್ ಪೂರ್ತಿ ಬಂದಿರಬೇಕು. ವೇಗ 140 ನಾಟ್ ಆಸುಪಾಸಿನಲ್ಲಿ, ಲೆಕ್ಕ ಹಾಕಿದಷ್ಟೇ ಇರಬೇಕು. ಇಳಿಯುವುದು ನಿಮಿಷಕ್ಕೆ 700 ಅಡಿ ಹತ್ತಿರ ಇರಬೇಕು. ಎಂಜಿನ್ ಐಡಲ್ ಬಿಟ್ಟು ಸ್ವಲ್ಪ ಮೇಲೆ ಬಂದಿರಬೇಕು, ಯಾಕೆಂದರೆ ಐಡಲ್‌ನಿಂದ ಪೂರ್ತಿ ಶಕ್ತಿಗೆ ಏರಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಇದರಲ್ಲಿ ಒಂದು ಇಲ್ಲದಿದ್ದರೂ ಇಳಿಯುವ ಹಾಗಿಲ್ಲ. ರನ್‌ವೇ ಕಣ್ಣೆದುರು ಇದ್ದರೂ ಇಲ್ಲ.

ಒಂದು ಸಂಜೆ ನನಗೂ ಹೀಗಾಯಿತು. ಊರು, ಕಂಪನಿ ಬೇಡ. ಕ್ಯಾಪ್ಟನ್ ಹಾರಿಸುತ್ತಿದ್ದರು, ನನಗಿಂತ 20 ವರ್ಷ ದೊಡ್ಡವರು. ಹಿಂದಿನಿಂದ ಗಾಳಿ ತಳ್ಳುತ್ತಿತ್ತು. 1,000 ಅಡಿಯಲ್ಲಿ ನೋಡಿದರೆ ವೇಗ 158. ಇರಬೇಕಾದ್ದು 137. ರನ್‌ವೇಯ ದೀಪಗಳು ಸಾಲಾಗಿ ಎದುರಿಗಿವೆ, ಇಳಿದೇ ಬಿಡಬಹುದು ಅನ್ನುವ ಹಾಗೆ. ನನ್ನ ಗಂಟಲು ಒಣಗಿತ್ತು. "ಅನ್‌ಸ್ಟೇಬಲ್, ಗೋ ಅರೌಂಡ್" ಅಂದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವರ ಬಲಗೈ ಎರಡೂ ಎಂಜಿನ್ ಲಿವರ್‌ಗಳನ್ನು ಮುಂದಕ್ಕೆ, ಕೊನೆಯ ಖಟ್ ಅನ್ನುವ ತನಕ ತಳ್ಳಿತ್ತು. "ಗೋ ಅರೌಂಡ್, ಫ್ಲ್ಯಾಪ್ಸ್" ಅಂದರು. ನಾನು ಫ್ಲ್ಯಾಪ್ ಒಂದು ಹಂತ ಮೇಲೆ ತೆಗೆದೆ. ಮೂತಿ 15 ಡಿಗ್ರಿ ಎದ್ದಿತು. ಎತ್ತರದ ಮೀಟರ್ ಮೇಲಕ್ಕೆ ತಿರುಗಿದ್ದು ನೋಡಿ "ಪಾಸಿಟಿವ್ ಕ್ಲೈಂಬ್" ಅಂದೆ. "ಗೇರ್ ಅಪ್" ಅಂದರು. ಚಕ್ರ ಎತ್ತಿದೆ. ಒಟ್ಟು ಹತ್ತು ಸೆಕೆಂಡ್ ಇರಬಹುದು. ಇಳಿದ ಮೇಲೆ ಕ್ಯಾಪ್ಟನ್ ಲಾಗ್ ಬರೆಯುತ್ತಾ, ತಲೆ ಎತ್ತದೆ, "ಸರಿಯಾದ ಹೊತ್ತಿಗೆ ಹೇಳಿದೆ ಕಣಪ್ಪಾ" ಅಂದರು. ಅವತ್ತಿನಿಂದ ನಾನು ಆ ಮಾತು ಹೇಳಲು ಹಿಂದೆ ಮುಂದೆ ನೋಡಿಲ್ಲ.

ಮಂಗಳೂರಿನದು ನಮಗೆಲ್ಲ ನೆನಪಿದೆ. 2010, ಮೇ 22. 158 ಜನ ಹೋದರು, 8 ಜನ ಉಳಿದರು. ಆ ವಿಮಾನವೂ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂದಿದ್ದರು ಅಂತ ತನಿಖೆಯ ವರದಿಯಲ್ಲಿದೆ. ಆದರೂ ಇಳಿಸಲು ಹೋದರು. ತರಬೇತಿಯಲ್ಲಿ ಅದನ್ನು ಓದುವಾಗ ನಮ್ಮ ಕ್ಲಾಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅಕ್ಕಾ, ಜುಲೈನಲ್ಲಿ ನಿಮ್ಮ ವಿಮಾನದಲ್ಲಿ ಆ ಮಾತನ್ನು ಒಬ್ಬರು ಹೇಳಿದರು, ಇನ್ನೊಬ್ಬರು ಕೇಳಿದರು. ಅಮ್ಮನವರಿಗೆ ಇದನ್ನು ಹೇಳಿ. ಆ ಡ್ರೈವರ್ರಿಗೆ ಇಳಿಸೋಕೆ ಬರುತ್ತಿತ್ತು. ಆಗ ಇಳಿಸಬಾರದು ಅನ್ನುವುದೂ ಗೊತ್ತಿತ್ತು.

ದುರ್ಗದ_ಮಗಳು (ಚಿತ್ರದುರ್ಗ)

ತಮ್ಮಾ, ಎರಡು ಸಲ ಓದಿದೆ. ಮಂಗಳೂರಿನ ವಿಷಯ ಓದುವಾಗ ಕೈ ತಣ್ಣಗಾಯಿತು. ನಂದಿ ಬೆಟ್ಟದಿಂದಲೇ ಇಷ್ಟೆಲ್ಲ ಕಂಡುಹಿಡಿಯಬಹುದು ಅಂತ ನನಗೆ ಗೊತ್ತಿರಲಿಲ್ಲ.

ಎರಡು ಸಂಶಯ. ಒಂದು, ಎಟಿಸಿಯವರಿಗೆ ವಿಮಾನ ಮೇಲಿರುವುದು ಕಾಣುತ್ತದಲ್ಲ, ಮತ್ತೆ ಯಾಕೆ ಬೇಗ ತಿರುಗಿಸುತ್ತಾರೆ? ಎರಡು, ಆ ಹತ್ತು ನಿಮಿಷ ಯಾಕೆ ಯಾರೂ ಮಾತಾಡಲಿಲ್ಲ? ಅಮ್ಮನಿಗೆ ಮೇಲೆ ಹೋಗಿದ್ದಕ್ಕಿಂತ ಆ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ರಾಡಾರ್_ಮುಂದೆ_ಕೂತವನು (ದಾವಣಗೆರೆ, ವಿದ್ಯಾನಗರ)

ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ ಮಗಳೇ. 31 ವರ್ಷ ಎಟಿಸಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಅದರಲ್ಲಿ ಹೆಚ್ಚು ವರ್ಷ ಅಪ್ರೋಚ್ ರಾಡಾರ್‌ನಲ್ಲೇ ಕೂತವನು, ಅಂದರೆ ಇಳಿಯಲು ಬರುವವರನ್ನು ಸಾಲು ಹಚ್ಚುವ ಜಾಗ.

ಸಂಜೆ ಏಳು ಗಂಟೆ ಅಂದುಕೊಳ್ಳಿ. ನಾಲ್ಕೂ ದಿಕ್ಕಿನಿಂದ ವಿಮಾನ ಬರುತ್ತಿವೆ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಬೇಕು. ಒಂದರಿಂದ ಇನ್ನೊಂದಕ್ಕೆ ಕನಿಷ್ಠ 3 ಮೈಲಿ. 140 ನಾಟ್‌ನಲ್ಲಿ ಬರುವ ವಿಮಾನಕ್ಕೆ 3 ಮೈಲಿ ಅಂದರೆ 77 ಸೆಕೆಂಡ್. ಅಷ್ಟರೊಳಗೆ ಮುಂದಿನದು ಇಳಿದು, ವೇಗ ಇಳಿಸಿ, ಪಕ್ಕದ ದಾರಿಗೆ ಹೊರಳಬೇಕು. ಮುಂದೆ ದೊಡ್ಡ ಜಾತಿಯ ವಿಮಾನ ಇದ್ದರೆ ಅದರ ರೆಕ್ಕೆಯಿಂದ ಏಳುವ ಸುಳಿಗಾಳಿಗೆ ಹೆದರಿ 5 ಮೈಲಿ ಬಿಡಬೇಕು. ನಮ್ಮ ಕೈಯಲ್ಲಿರುವುದು ಮೂರೇ. ಯಾವ ದಿಕ್ಕು, ಯಾವ ಎತ್ತರ, ಎಷ್ಟು ವೇಗ. ಇದನ್ನು ಹೇಳುತ್ತಾ ಹೋಗುವುದು. ಪೈಲಟ್ ಅದನ್ನೇ ತಿರುಗಿ ಓದಿ ಹೇಳಬೇಕು. ತಪ್ಪಿದ್ದರೆ ಅಲ್ಲೇ ತಿದ್ದುತ್ತೇವೆ. ಅಂಕಿಗಳನ್ನು ಹೇಳುವ ರೀತಿಯೇ ಬೇರೆ. ಮೂರಕ್ಕೆ ಟ್ರೀ, ಒಂಬತ್ತಕ್ಕೆ ನೈನರ್. ಗರಗರ ಅನ್ನುವ ರೇಡಿಯೋದಲ್ಲಿ ಯಾವ ದೇಶದವನ ಕಿವಿಗೂ ತಪ್ಪಾಗಿ ಬೀಳಬಾರದು ಅಂತ.

ಸಾಲಿನಲ್ಲಿ ಒಮ್ಮೊಮ್ಮೆ ಜಾಗ ಬಿಡುತ್ತದೆ. ಯಾರೋ ತಡವಾದರು, ಯಾರೋ ಮಳೆಮೋಡ ತಪ್ಪಿಸಲು ಪಕ್ಕಕ್ಕೆ ಹೋದರು. ಆ ಜಾಗ ತುಂಬದಿದ್ದರೆ ಹಿಂದಿನವರೆಲ್ಲ ಕಾಯಬೇಕು. ಕಾಯುವುದು ಅಂದರೆ ಗಾಳಿಯಲ್ಲಿ ಸುತ್ತು ಹಾಕುವುದು, ಒಂದು ಸುತ್ತಿಗೆ 4 ನಿಮಿಷ. ಅಷ್ಟೂ ಹೊತ್ತು ಎಣ್ಣೆ ಉರಿಯುತ್ತದೆ. ಅದಕ್ಕೆ ಹತ್ತಿರ ಇರುವವರನ್ನು ಬೇಗ ತಿರುಗಿಸಿ ಆ ಜಾಗಕ್ಕೆ ಹಾಕುತ್ತೇವೆ. ಬಹಳ ಸಲ ಪೈಲಟ್‌ಗಳೇ ಖುಷಿಯಿಂದ ಥ್ಯಾಂಕ್ಯೂ ಅನ್ನುತ್ತಾರೆ.

ಈಗ ನಿಮ್ಮ ಪ್ರಶ್ನೆ. ನಮಗೆ ಪರದೆ ಮೇಲೆ ಎತ್ತರ ಕಾಣುತ್ತದೆ, ನೆಲದ ಮೇಲಿನ ವೇಗ ಕಾಣುತ್ತದೆ. ಆ ವಿಮಾನ ಎಷ್ಟು ತೂಕ ಇದೆ, ಮೇಲೆ ಗಾಳಿ ಹೇಗೆ ತಳ್ಳುತ್ತಿದೆ, ರೆಕ್ಕೆ ಎಷ್ಟು ಬಿಚ್ಚಿದೆ, ಇದು ಅವರಿಗೆ ಗೊತ್ತಾಗುವಷ್ಟು ನಮಗೆ ಗೊತ್ತಾಗುವುದಿಲ್ಲ. ಅವರಿಗೆ ವಿಮಾನ ಗೊತ್ತು. ನನ್ನ ತಲೆಯಲ್ಲಿರುವ ದಾರಿ ಅವರಿಗೆ ಗೊತ್ತಿಲ್ಲ. ಅವರ ಕಂಪ್ಯೂಟರ್ ಉದ್ದದ ದಾರಿ ಹಿಡಿದು ಲೆಕ್ಕ ಹಾಕುತ್ತಿರುತ್ತದೆ. ನಾನು ಮನಸ್ಸಿನಲ್ಲೇ ಅದನ್ನು ಕತ್ತರಿಸಿರುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷವೋ ಏನೋ. ಮಳೆ ಬಿಟ್ಟ ಮಧ್ಯಾಹ್ನ. ಒಂದು ವಿಮಾನಕ್ಕೆ ಒಳ್ಳೆಯದಾಗಲಿ ಅಂತ ಬೇಗ ತಿರುಗಿಸಿದೆ. ಎಳೆಯ ದನಿಯ ಪೈಲಟ್, ಮರುಮಾತಿಲ್ಲದೆ ಒಪ್ಪಿಕೊಂಡ. ಎತ್ತರ ಕಳೆಯಲಾಗದೆ ಗೋ ಅರೌಂಡ್ ಮಾಡಿದ. ಅವನನ್ನು ಮತ್ತೆ ಸಾಲಿಗೆ ತರಲು ಹಿಂದಿನ ಐದು ವಿಮಾನಗಳನ್ನು ಅತ್ತಿತ್ತ ಸರಿಸಿದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸಂಜೆ ಆ ವಿಮಾನದ ಕ್ಯಾಪ್ಟನ್ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಸರ್, ಬೇಕಾದಷ್ಟು ಕತ್ತರಿಸಿ. ಆದರೆ ಇನ್ನೆಷ್ಟು ಮೈಲಿ ಅಂತ ಸ್ವಲ್ಪ ಮುಂಚೆ ಹೇಳಿ. ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ" ಅಂದರು.

ಅವತ್ತಿನಿಂದ ನಿವೃತ್ತನಾಗುವ ದಿನದ ತನಕ, ತಿರುಗಿಸುವ ಮೊದಲು ಮೈಲಿ ಹೇಳದೆ ಬಿಟ್ಟಿಲ್ಲ. "ಇನ್ನು 25 ಮೈಲಿ ಅಂದುಕೊಳ್ಳಿ" ಅಂದರೆ ಸಾಕು, ಪೈಲಟ್ ಅಲ್ಲಿಂದಲೇ ಹಲಗೆ ಎತ್ತುತ್ತಾನೆ, ವೇಗ ಹೊಂದಿಸುತ್ತಾನೆ. ಹೊಸಬರಿಗೆ ಕಲಿಸುವಾಗಲೂ ಇದನ್ನೇ ಹೇಳಿದೆ. ಪೈಲಟ್‌ಗಳ ಕಡೆಯಿಂದ ನಮಗೆ ಬೇಕಾದ ಮಾತು ಒಂದೇ, "ಅನೇಬಲ್". ಅಂದರೆ ಆಗುವುದಿಲ್ಲ. ಆ ಮಾತು ಬಂದರೆ ಯಾವ ಕಂಟ್ರೋಲರ್‌ಗೂ ಬೇಜಾರಾಗುವುದಿಲ್ಲ. ಬೇರೆ ದಾರಿ ಕೊಡುತ್ತೇವೆ. ನಮ್ಮ ಕಡೆ ಹುಡುಗರು ದೊಡ್ಡವರಿಗೆ ಆಗುವುದಿಲ್ಲ ಅನ್ನಲು ಹಿಂಜರಿಯುತ್ತಾರೆ. ಮಂಡಕ್ಕಿಭಟ್ಟಿ ಹುಡುಗ ಹಿಂಜರಿಯಲಿಲ್ಲ ಅಂತ ಓದಿ ನನಗೆ ಬಹಳ ಸಂತೋಷವಾಯಿತು.

ಇನ್ನೊಂದು ವಿಷಯ ಹೇಳಬೇಕು. ಗೋ ಅರೌಂಡ್ ಅಂದರೆ ಪ್ರತಿ ಸಲ ವಿಮಾನ ಮೇಲಿತ್ತು ಅಂತಲೇ ಅಲ್ಲ. ಮುಂದಿನ ವಿಮಾನ ರನ್‌ವೇ ಬಿಡುವುದು ತಡವಾದರೆ, ನಾಯಿ ನುಗ್ಗಿದರೆ, ಒಮ್ಮೆಲೇ ಗಾಳಿ ತಿರುಗಿದರೆ, ಟವರ್‌ನವರೇ ಗೋ ಅರೌಂಡ್ ಅನ್ನುತ್ತಾರೆ. ಯಾವುದೇ ಕಾರಣ ಇರಲಿ, ಮೇಲೆ ಹೋದ ವಿಮಾನಕ್ಕೆ ದಾರಿ ಮೊದಲೇ ಬರೆದಿಟ್ಟಿರುತ್ತದೆ. ಎಷ್ಟು ಎತ್ತರಕ್ಕೆ, ಯಾವ ಕಡೆಗೆ ಅಂತ. ಆ ಹೊತ್ತಿನಲ್ಲಿ ಆ ಎತ್ತರದಲ್ಲಿ ಬೇರೆ ಯಾರೂ ಇರದ ಹಾಗೆ ನಾವು ನೋಡಿಕೊಂಡಿರುತ್ತೇವೆ. ನಿಮ್ಮ ಅಮ್ಮ ಕಣ್ಣು ಮುಚ್ಚಿ ಕೂತಿದ್ದಾಗ ಕೆಳಗೆ ಒಬ್ಬ ಹುಡುಗನೋ ಹುಡುಗಿಯೋ ಆ ಒಂದು ಚುಕ್ಕಿಯನ್ನೇ ನೋಡುತ್ತಿದ್ದರು.

ಹೈವೇ_ಪಕ್ಕದ_ಮನೆ (ಹರಿಹರ)

ನನ್ನ ಮೊದಲಿನ ಮಾತು ತಪ್ಪಾಯಿತು ಮೇಡಂ, ಕ್ಷಮಿಸಿ. ಕೇಳಿದ್ದನ್ನು ಹಾಗೇ ಬರೆದುಬಿಟ್ಟೆ. ಒಂದು ಪ್ರಶ್ನೆ ತಮ್ಮಾ, ಹೀಗೆ ಸುತ್ತುತ್ತಾ ಎಣ್ಣೆ ಖಾಲಿ ಆದರೆ?

ಮಂಡಕ್ಕಿಭಟ್ಟಿ_ಹುಡುಗ (ದಾವಣಗೆರೆ)

ರಾಡಾರ್ ಸರ್, ನಿಮಗೆ ನಮಸ್ಕಾರ. ಮೈಲಿ ಹೇಳುವ ಕಂಟ್ರೋಲರ್ ಸಿಕ್ಕ ದಿನ ನಮ್ಮ ಅರ್ಧ ಭಾರ ಇಳಿದ ಹಾಗೆ.

ಅಣ್ಣಾ, ಎಣ್ಣೆ ಲೆಕ್ಕ ಹೀಗೆ. ಬೆಂಗಳೂರಿಗೆ ಬೇಕಾದಷ್ಟು, ಅದರ ಮೇಲೆ ಚೆನ್ನೈಯೋ ಹೈದರಾಬಾದೋ ಇನ್ನೊಂದು ಊರಿಗೆ ಹೋಗಲು ಬೇಕಾದಷ್ಟು, ಅಲ್ಲಿಗೆ ಹೋದ ಮೇಲೂ 30 ನಿಮಿಷ ಸುತ್ತಲು ಬೇಕಾದಷ್ಟು. ಇಷ್ಟಿಲ್ಲದೆ ಹೊರಡುವ ಹಾಗೇ ಇಲ್ಲ. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹಾಕಿಸಿಕೊಳ್ಳುತ್ತೇವೆ.

ಅಕ್ಕಾ, ಆ ಮೌನದ ವಿಷಯ. ನೀವು ಕೇಳಿದ್ದು ಸರಿಯಾಗಿದೆ. ನಮಗೆ ಕಲಿಸುವ ಕ್ರಮ ಒಂದೇ. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಮೇಲೆ ಹೋದ ತಕ್ಷಣ ಚಕ್ರ, ಫ್ಲ್ಯಾಪ್ ಒಳಗೆ ತೆಗೆಯಬೇಕು. ಹೇಳಿದ ಎತ್ತರದಲ್ಲಿ ನಿಲ್ಲಿಸಬೇಕು. ಲಘುವಾದ ವಿಮಾನ, ಪೂರ್ತಿ ಶಕ್ತಿ, ಆ ಎತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಎಟಿಸಿ ಹೊಸ ದಿಕ್ಕು ಕೊಡುತ್ತಾರೆ. ಒಬ್ಬರು ಹಾರಿಸುತ್ತಿದ್ದರೆ ಇನ್ನೊಬ್ಬರು ಚೆಕ್‌ಲಿಸ್ಟ್ ಓದಿ, ಕಂಪ್ಯೂಟರ್‌ಗೆ ದಾರಿ ಮತ್ತೆ ಹಾಕಿ, ಎಣ್ಣೆ ನೋಡಿ, ಇನ್ನೊಂದು ಸಲ ಇಳಿಯುವುದನ್ನು ಮಾತಾಡಿಕೊಳ್ಳಬೇಕು. ಈ ಸಲ ಯಾಕೆ ಆಗಲಿಲ್ಲ, ಮುಂದಿನ ಸಲ ಏನು ಬದಲಿಸಬೇಕು ಅನ್ನುವುದೂ ಅದರಲ್ಲೇ. ಆ ನಿಮಿಷಗಳು ನಿಜಕ್ಕೂ ಉಸಿರಾಡಲೂ ಬಿಡುವಿಲ್ಲದವು.

ಆದರೂ ಹತ್ತು ನಿಮಿಷ ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಐದನೇ ನಿಮಿಷಕ್ಕೆ 20 ಸೆಕೆಂಡ್ ಸಿಗುತ್ತದೆ. ಆ 20 ಸೆಕೆಂಡ್ ಹಿಂದೆ ಕೂತವರಿಗೆ ಸೇರಿದ್ದು. ಬೆಂಗಳೂರು ವಿಮಾನದಲ್ಲಿ ಹೀಗಾದಾಗ ಕ್ಯಾಪ್ಟನ್ ಒಪ್ಪಿದರೆ ನಾನೇ ಕನ್ನಡದಲ್ಲಿ ಹೇಳುತ್ತೇನೆ. "ನಮಸ್ಕಾರ. ನಾವು ಇಳಿಯಲು ಬೇಕಾದ ಎತ್ತರ, ವೇಗ ಹೊಂದಲಿಲ್ಲ. ಅದಕ್ಕೆ ಮೇಲೆ ಬಂದೆವು. ವಿಮಾನ ಚೆನ್ನಾಗಿದೆ. ಎಣ್ಣೆ ಸಾಕಷ್ಟಿದೆ. ಇನ್ನು 15 ನಿಮಿಷಕ್ಕೆ ಇಳಿಯುತ್ತೇವೆ." ಅಷ್ಟೇ. ಆಪರೇಷನಲ್ ಕಾರಣ ಅಂದರೆ ಯಾವ ಅಜ್ಜಿಗೆ ಅರ್ಥವಾಗುತ್ತದೆ?

ಮುಂದಿನ ಸಲ ಅಮ್ಮನವರಿಗೆ ಸದ್ದುಗಳನ್ನು ಮೊದಲೇ ಹೇಳಿ ಕೂರಿಸಿ. ಎಂಜಿನ್ ಮೆತ್ತಗಾದರೆ ಇಳಿಯಲು ಶುರು. ಗಡಗಡ ಅಂದರೆ ರೆಕ್ಕೆಯ ಹಲಗೆ. ಕುಂಯ್ ಅಂತ ಎಳೆದ ಸದ್ದು ಬಂದರೆ ಫ್ಲ್ಯಾಪ್. ಧಡ್ ಅಂದರೆ ಚಕ್ರ. ಚಕ್ರ ಬಂದ ಮೇಲೆ ಎಂಜಿನ್ ಮತ್ತೆ ಸ್ವಲ್ಪ ಏರಿದ ಸದ್ದು ಕೇಳಿಸಿದರೆ ಎಲ್ಲ ಹೊಂದಿಕೆಯಾಗಿದೆ ಅಂತ ಅರ್ಥ. ನಮಗೂ ಆ ಸದ್ದು ಕೇಳಿದಾಗಲೇ ನೆಮ್ಮದಿ.

ದುರ್ಗದ_ಮಗಳು (ಚಿತ್ರದುರ್ಗ)

ಇಬ್ಬರ ಉತ್ತರವನ್ನೂ ನಿನ್ನೆ ರಾತ್ರಿ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಮಂಗಳೂರಿನದ್ದನ್ನೂ ಬಿಡಲಿಲ್ಲ. ಕ್ಯಾಪ್ಟನ್ "ಸರಿಯಾದ ಹೊತ್ತಿಗೆ ಹೇಳಿದೆ ಕಣಪ್ಪಾ" ಅಂದಿದ್ದನ್ನು ಇನ್ನೊಂದು ಸಲ ಓದಿಸಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಚಳ್ಳಕೆರೆಯ ವಿಷಯ ಎತ್ತಿದಳು. ಅವಳ ತವರು ಅಲ್ಲಿಯೇ ಹತ್ತಿರದ ಹಳ್ಳಿ. "ನಮ್ಮೂರ ಮೇಲೆ ಬಂದಾಗ ಸದ್ದು ಇಳಿಸ್ತಾರಾ? ಹಂಗಾದ್ರೆ ಊರು ಕಾಣಿಸ್ತದಾ ಕೇಳು" ಅಂದಳು.

ಬರುವ ತಿಂಗಳಿಗೆ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡುತ್ತಿದ್ದೇನೆ. ಮುಂಬೈಯಿಂದ ಬರುವಾಗ ಯಾವ ಕಡೆ ಕಿಟಕಿ ತಗೊಳ್ಳಲಿ ತಮ್ಮಾ?

ಮಂಡಕ್ಕಿಭಟ್ಟಿ_ಹುಡುಗ (ದಾವಣಗೆರೆ)

ಬಲಗಡೆ ಅಕ್ಕಾ. ನೇರ ಗೆರೆಯ ಪ್ರಕಾರ ಚಳ್ಳಕೆರೆ ಬಲಕ್ಕೆ ಬರುತ್ತದೆ. ದಾರಿ ದಿನದಿನಕ್ಕೆ ಸ್ವಲ್ಪ ಆಚೀಚೆ ಆಗುವುದುಂಟು, ಮೋಡ ಇದ್ದರೆ ಏನೂ ಕಾಣುವುದಿಲ್ಲ. ಮೋಡ ಇಲ್ಲದಿದ್ದರೆ ದುರ್ಗದ ಕಡೆ ಗುಡ್ಡದ ಸಾಲು, ಇನ್ನೂ ಸ್ವಲ್ಪ ಮುಂದೆ ಬಂದಾಗ ದೂರದಲ್ಲಿ ವಾಣಿ ವಿಲಾಸ ಸಾಗರದ ನೀರು ಕಾಣಬಹುದು. ರೆಕ್ಕೆಗಿಂತ ಮುಂದಿನ ಸಾಲು ತಗೊಳ್ಳಿ. ಹಿಂದೆ ಕೂತರೆ ಊರು ಬರುವ ಹೊತ್ತಿಗೆ ರೆಕ್ಕೆ ಅಡ್ಡ ಬರುತ್ತದೆ.